ಕೋವಿಯೂ ಪಿಸ್ತೂಲೂ ಒಂದೇ ಅಲ್ಲ

ಎಲ್ಲಿಯಾದರೂ ಒಂದು ಗುಂಡು ಹಾರಿ ಒಬ್ಬರ ಪ್ರಾಣ ಹೋಯಿತೆಂದರೆ ಮರುದಿನದ ವೃತ್ತಪತ್ರಿಕೆಗಳಲ್ಲಿ ಎರಡು ಸಂಗತಿಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುವುವು. ಆ ಆಯುಧವನ್ನು ಒಂದು ಅಂಕಣದಲ್ಲಿ ಪಿಸ್ತೂಲೆಂದೂ ಇನ್ನೊಂದರಲ್ಲಿ ರಿವಾಲ್ವರೆಂದೂ ಮತ್ತೊಂದರಲ್ಲಿ ಬಂದೂಕೆಂದೂ ಬರೆದಿರುವುದು ಮೊದಲನೆಯದು. ನಾಡಿನಲ್ಲಿರುವ ಬಂದೂಕುಗಳನ್ನೆಲ್ಲ ಸರಕಾರವು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒಬ್ಬರೂ, ಸಭ್ಯರಾದವರಿಗೆಲ್ಲ ಆತ್ಮರಕ್ಷಣೆಗಾಗಿ ಒಂದೊಂದನ್ನು ಕೊಡಬೇಕೆಂದು ಇನ್ನೊಬ್ಬರೂ ವಾದಕ್ಕೆ ನಿಲ್ಲುವುದು ಎರಡನೆಯದು. ಮೊದಲನೆಯ ತಪ್ಪು ಸಣ್ಣದೆಂದು ತೋರಬಹುದು. ಆದರೆ ಎರಡನೆಯದು ಹುಟ್ಟುವುದು ಅದರ ಹೊಟ್ಟೆಯಲ್ಲಿಯೇ. ಯಾವ ಆಯುಧವೆಂದು ತಿಳಿಯದವನಿಗೆ ಯಾವ ಕಟ್ಟುಪಾಡು ಬೇಕೆಂಬುದು ತಿಳಿಯುವುದೆಂತು?

ಪಟ್ಟಣದ ವಾಚಕರಿಗೆ ಇದು ಕಾಫಿಯ ಹೊತ್ತಿನ ಚರ್ಚೆಯಷ್ಟೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟದ ಮನೆಗಳಲ್ಲಿಯಾದರೋ ಇದು ಗೋಡೆಯ ಗೂಟಕ್ಕೆ ತೂಗುಹಾಕಿರುವ ವಸ್ತುವಿನ ಮಾತು. ಆ ಸೀಮೆಗೆ ಮದ್ದುಗುಂಡಿನ ಪರಿಚಯ ನಿನ್ನೆ ಮೊನ್ನೆಯದಲ್ಲ. ಇಕ್ಕೇರಿ ಇರುವುದು ಸಾಗರದಲ್ಲಿ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. 1763ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ಆ ಕಾಡುಗಳು ತುಪಾಕಿಯ ಸದ್ದನ್ನು ಚೆನ್ನಾಗಿಯೇ ಕೇಳಿದ್ದುವು. ಕುಪ್ಪಳಿಯ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಹೊರಬಂದಿತು. ಅದನ್ನು ಓದಿದವರಿಗೆ ಬಿಲ್ಲಿಗೆ ಕೂತ ಈಡುಗಾರನನ್ನೂ ಹಳು ನುಗ್ಗುವ ಆಳುಗಳನ್ನೂ ನಾವು ಬೇರೆ ಪರಿಚಯಿಸಬೇಕಾದುದಿಲ್ಲ. ಆ ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಮುಗಿಯಿತು. ಆದರೆ ಹಂದಿಗೂ ಮಂಗಕ್ಕೂ ಆ ಕಾಯಿದೆಯನ್ನು ಓದಿ ಹೇಳಿದವರಾರು? ತೆನೆ ಬಲಿತ ಗದ್ದೆಗೆ ಹಂದಿಯ ಹಿಂಡು ಒಂದು ರಾತ್ರಿ ಇಳಿದರೆ ವರ್ಷದ ಅನ್ನ ಮಣ್ಣಾಗುವುದು. ಎಳೆಯ ಅಡಕೆಯನ್ನು ಮಂಗಗಳು ಕಿತ್ತು ಚೀಪಿ ಎಸೆದರೆ ಕೊನೆಗೆ ಕೊಯ್ಯಲು ಉಳಿಯುವುದು ಬರಿಯ ಹಾಳೆ. ಮಾಳದಲ್ಲಿ ಕೂತು ಡಬ್ಬ ಬಡಿದು, ಕೂಗಿ, ಬೆಂಕಿ ಹಾಕಿ ಸೋತವನು ಕಡೆಗೆ ಕೋವಿಯನ್ನು ತೆಗೆಯುತ್ತಾನೆ. ಅದರ ಕೆಲಸ ಬಹುಮಟ್ಟಿಗೆ ಸದ್ದು ಮಾಡಿ ಬೆದರಿಸುವುದೇ ಆಗಿದೆ. ಕೋವಿಯ ಲೈಸೆನ್ಸು ಎಂಬುದು ಕಾಡುಪ್ರಾಣಿಯನ್ನು ಕೊಲ್ಲುವ ಲೈಸೆನ್ಸು ಅಲ್ಲ, ಅದಕ್ಕೆ ಬೇರೆಯೇ ಅಪ್ಪಣೆ ಬೇಕು. ಇದನ್ನು ಪತ್ರಿಕೆಯವರು ಮಾತ್ರವಲ್ಲ, ಕೋವಿಯಿರುವ ಕೆಲವರೂ ಮರೆತಿರುವಂತೆ ತೋರುತ್ತದೆ.

ಈ ಕೋವಿಯಾದರೂ ಎಂಥದು? ಹಳೆಯದಾದರೆ ಕೇಪಿನ ಕೋವಿ. ಬಾಯಿಯಿಂದ ಮದ್ದು ತುಂಬಿ, ಚರೆ ಹಾಕಿ, ಗಜದಿಂದ ಜಡಿದು, ಹಿಂದುಗಡೆ ಕೇಪು ಇಟ್ಟು ಹೊಡೆಯತಕ್ಕದ್ದು. ಒಂದು ಈಡು ಆದಮೇಲೆ ಇನ್ನೊಂದಕ್ಕೆ ಅಣಿಮಾಡಿಕೊಳ್ಳುವುದರೊಳಗೆ ಹಂದಿ ಆಚೆಯ ಗುಡ್ಡ ಸೇರಿರುತ್ತದೆ. ಅನುಕೂಲಸ್ಥರಲ್ಲಿ ತೋಟಾಕೋವಿ, ಒಂಟಿ ನಳಿಗೆಯದು ಅಥವಾ ಜೋಡಿ ನಳಿಗೆಯದು. ಇದನ್ನು 12 ಬೋರ್ ಎನ್ನುವರು. ಆ ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಹನ್ನೆರಡಾದರೆ ಒಂದು ಪೌಂಡು ತೂಗುವುವು. ಹೆಸರಿನ ಗುಟ್ಟು ಇಷ್ಟೇ. ಈ ಎರಡು ಬಗೆಯ ಕೋವಿಗಳ ನಳಿಗೆಯೂ ಒಳಗೆ ನುಣುಪು. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಇವುಗಳನ್ನು ಬೇರೆಯಾಗಿಯೇ ಎಣಿಸಿದೆ. ಪೈರಿನ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಯನ್ನು ನಿಜವಾಗಿ ಬೇಕಾದವರಿಗೆ ಕೊಡತಕ್ಕದ್ದೆಂದೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಯನ್ನು ಕೊಡಬಹುದೆಂದೂ ಅದರಲ್ಲಿ ಹೇಳಿದೆ. ರಕ್ಷಣೆಗೂ ಕ್ರೀಡೆಗೂ ಕೊಡುವ ನುಣುಪು ಕೋವಿಯ ನಳಿಗೆ 20 ಅಂಗುಲಕ್ಕೆ ಕಡಮೆಯಿರಬಾರದು. ಈ 20 ಅಂಗುಲದ ಮಾತಿನಲ್ಲಿಯೇ ಕಾನೂನಿನ ಜಾಣತನವಿದೆ. ಅಷ್ಟುದ್ದದ ಕೋವಿಯನ್ನು ಹೆಗಲ ಮೇಲೆ ಹೊತ್ತು ಗದ್ದೆಗೆ ಹೋಗಬಹುದು, ಅಂಗಿಯೊಳಗೆ ಬಚ್ಚಿಟ್ಟುಕೊಂಡು ಪರರ ಮನೆಬಾಗಿಲಿಗೆ ಹೋಗಲಾಗದು.

ಪಿಸ್ತೂಲಿನ ಗುಣವೇ ಬಚ್ಚಿಡುವುದಕ್ಕೆ ಬರುವುದು. ಒಂದು ಕೈಯಲ್ಲಿ ಹಿಡಿಯತಕ್ಕ ಈ ಆಯುಧಗಳ ನಳಿಗೆ ಗೇಣುದ್ದವೂ ಇರದು. ಒಳಗೆ ತಿರುಪಿನಂತೆ ಗೀರಿದ ಗೆರೆಗಳಿರುವುವು. ಗುಂಡು ಆ ಗೆರೆಗಳಲ್ಲಿ ಬುಗುರಿಯಂತೆ ತಿರುಗುತ್ತ ಹೊರಟು ನೇರವಾಗಿ ಹೋಗುವುದು. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ರಿವಾಲ್ವರಿನಲ್ಲಿ ತೋಟೆಗಳು ತಿರುಗುವ ಉರುಳೆಯಲ್ಲಿದ್ದು, ಹೊಡೆದ ಮೇಲೆ ಬರಿಯ ಕೊಳವೆಗಳು ಅಲ್ಲಿಯೇ ಉಳಿಯುತ್ತವೆ. ಇಂದಿನ ಪಿಸ್ತೂಲಿನಲ್ಲಿ ತೋಟೆಗಳು ಹಿಡಿಯೊಳಗಿನ ಗೂಡಿನಿಂದ ಒಂದೊಂದಾಗಿ ಮೇಲಕ್ಕೇರಿ, ಹೊಡೆದ ಕೂಡಲೆ ಬರಿಯ ಕೊಳವೆ ಹೊರಗೆ ಚಿಮ್ಮಿ ನೆಲಕ್ಕೆ ಬೀಳುವುದು. ಆದಕಾರಣ “ಹಂತಕನು ರಿವಾಲ್ವರಿನಿಂದ ಹೊಡೆದು ಓಡಿಹೋದನು, ಸ್ಥಳದಲ್ಲಿ ನಾಲ್ಕು ತೋಟೆಯ ಕೊಳವೆಗಳು ಬಿದ್ದಿದ್ದುವು” ಎಂಬಂಥ ಸಾಲನ್ನು ಕಂಡಾಗ ವಾಚಕರು ಸ್ವಲ್ಪ ಸಂಶಯಪಡುವುದು ಒಳ್ಳೆಯದು. ಓಡುವ ಮೊದಲು ನಿಂತು ಉರುಳೆಯನ್ನು ಬಿಚ್ಚಿ ಸುರಿದು ಹೋಗುವ ಹಂತಕರು ಅಪರೂಪ. 1948ರ ಜನವರಿ 30ರಂದು ದಿಲ್ಲಿಯಲ್ಲಿ ಮಹಾತ್ಮರ ಪ್ರಾಣ ತೆಗೆದುದು ಇಟಲಿಯ ಬೆರೆಟ್ಟಾ ಪಿಸ್ತೂಲು; ಅದನ್ನು ರಿವಾಲ್ವರೆಂದು ಬರೆಯುವವರು ಇಂದಿಗೂ ಇದ್ದಾರೆ.

ಅಳತೆಯ ಲೆಕ್ಕವೂ ಹೀಗೆಯೇ ಗೊಂದಲ ಹುಟ್ಟಿಸುವುದು. ವರದಿಗಳಲ್ಲಿ ಒಮ್ಮೆ 7.65 ಮಿಲಿಮೀಟರ್ ಎಂದೂ ಒಮ್ಮೆ ಪಾಯಿಂಟ್ 32 ಎಂದೂ ಬಂದರೆ ಓದುವವರು ಎರಡು ಆಯುಧಗಳೆಂದು ತಿಳಿಯುವರು. ಬ್ರೌನಿಂಗ್ ಎಂಬ ಅಮೆರಿಕದ ಕುಶಲಿಯು ರೂಪಿಸಿ 1899ರಲ್ಲಿ ಬೆಲ್ಜಿಯಮಿನಿಂದ ಹೊರಬಂದ ಒಂದೇ ತೋಟೆಗೆ ಯೂರೋಪಿನವರು ಮೊದಲನೆಯ ಹೆಸರನ್ನೂ ಅಮೆರಿಕದವರು ಎರಡನೆಯದನ್ನೂ ಇಟ್ಟರು. ಸಾಲದುದಕ್ಕೆ ರಿವಾಲ್ವರಿಗೆ ಹಾಕುವ ಪಾಯಿಂಟ್ 32 ತೋಟೆಯೊಂದಿದೆ, ಅದು ಬೇರೆಯೇ. ಸ್ತ್ರೀಯರ ರಕ್ಷಣೆಗೆಂದು ಸರಕಾರದ ಕಾರ್ಖಾನೆಯಿಂದ 2014ರಲ್ಲಿ ಬಂದ ‘ನಿರ್ಭೀಕ್’ ಈ ಅಳತೆಯ ರಿವಾಲ್ವರ್. ಅದರ ಬೆಲೆ ಆಗಲೇ ಒಂದು ಲಕ್ಷ ರೂಪಾಯಿಗಿಂತ ಹೆಚ್ಚಾಗಿತ್ತು. ಹೆದರಿಕೆ ಹೆಚ್ಚಾಗಿರುವ ಬಡ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಕೊಂಡಾರೆಂದು ಯಾರೂ ಕೇಳಿದಂತೆ ಕಾಣಲಿಲ್ಲ.

ಇನ್ನು ಕನ್ನಡ ನಾಡನ್ನೇ ನಡುಗಿಸಿದ ಎರಡು ಕೊಲೆಗಳನ್ನು ನೋಡೋಣ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಿಕಾಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಿನಲ್ಲಿ ಹತರಾದರು. ಅವರ ತಂದೆ ಲಂಕೇಶರು ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಆದುದರಿಂದ ಮಲೆನಾಡಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಅಪರಾಧಿಗಳು ಯಾರೆಂಬುದನ್ನು ನಿರ್ಣಯಿಸತಕ್ಕದ್ದು ನ್ಯಾಯಾಲಯ. ಇಲ್ಲಿ ಆ ಮಾತು ಬೇಡ. ನಮಗೆ ಬೇಕಾದುದು ಆಯುಧದ ಸಂಗತಿ. ಎರಡು ಸ್ಥಳಗಳಲ್ಲಿ ದೊರೆತ ಗುಂಡು ಮತ್ತು ಕೊಳವೆಗಳನ್ನು ವಿಧಿವಿಜ್ಞಾನ ಪ್ರಯೋಗಾಲಯದವರು ಹೋಲಿಸಿ ನೋಡಿ, ಎರಡು ಕೊಲೆಗಳಿಗೂ ಬಳಸಿದುದು 7.65 ಮಿಲಿಮೀಟರಿನ ಒಂದೇ ನಾಡ ಪಿಸ್ತೂಲೆಂಬ ನಿರ್ಧಾರಕ್ಕೆ ಬಂದರು.

ಇದು ಸಾಧ್ಯವಾಗುವ ಬಗೆಯನ್ನು ತಿಳಿಯುವುದು ಸ್ವಾರಸ್ಯವಾಗಿದೆ. ಪ್ರತಿಯೊಂದು ನಳಿಗೆಯನ್ನು ಕೊರೆಯುವಾಗಲೂ ಹತ್ಯಾರಿನ ಬಾಯಿ ಕೂದಲೆಳೆಯಷ್ಟು ಸವೆದು, ತನ್ನದೇ ಆದ ಗುರುತನ್ನು ಒಳಗೆ ಬಿಡುತ್ತದೆ. ಗುಂಡು ಹೊರಡುವಾಗ ಆ ಗುರುತು ಅದರ ಮೈಮೇಲೆ ಮೂಡುವುದು. ತೋಟೆಯ ಹಿಂಬದಿಗೆ ಬಡಿಯುವ ಮೊಳೆಯೂ ಅಲ್ಲಿ ತನ್ನ ಮುದ್ರೆಯನ್ನೊತ್ತುವುದು. ಜೋಡಿಸಿದ ಎರಡು ಸೂಕ್ಷ್ಮದರ್ಶಕಗಳ ಕೆಳಗೆ ಎರಡು ಸ್ಥಳಗಳ ಸಾಕ್ಷ್ಯಗಳನ್ನು ಇಟ್ಟು ನೋಡಿದರೆ ಹೆಬ್ಬೆಟ್ಟಿನ ಗೆರೆಗಳಂತೆ ಕೂಡಿಬರುತ್ತವೆಯೋ ಇಲ್ಲವೋ ಗೊತ್ತಾಗುವುದು. ಚರೆ ಹಾಕುವ ಕೋವಿಯಲ್ಲಿ ಈ ಅನುಕೂಲವಿಲ್ಲ. ಚರೆಯ ಮೇಲೆ ನಳಿಗೆಯ ಗುರುತು ನಿಲ್ಲದು. ಕೊಳವೆ ಸಿಕ್ಕಿದರೆ ಮಾತ್ರ ಏನಾದರೂ ಹೇಳಬಹುದು.

ಹೀಗೆ ಆ ಕೊಲೆಗಳ ಆಯುಧವು ಯಾವ ಜಿಲ್ಲಾಧಿಕಾರಿಯ ದಫ್ತರದಲ್ಲಿಯೂ ಇರದ, ಲೈಸೆನ್ಸಿನ ಮುಖವನ್ನೇ ಕಾಣದ ಕಳ್ಳ ಪಿಸ್ತೂಲು. ಅಂಥದನ್ನು ಮಾಡುವುದೂ ಮಾರುವುದೂ ಇಟ್ಟುಕೊಳ್ಳುವುದೂ ಮೊದಲಿನಿಂದಲೇ ಅಪರಾಧವಾಗಿತ್ತು. 2019ರ ತಿದ್ದುಪಡಿಯಿಂದ ಕಳ್ಳತನದಲ್ಲಿ ತಯಾರಿಸಿ ಮಾರುವವರಿಗೆ 7 ವರ್ಷಕ್ಕೆ ಕಡಮೆಯಿಲ್ಲದಂತೆ ಜೀವಾವಧಿಯ ವರೆಗೆ ಶಿಕ್ಷೆಯಾಗಿದೆ. ಆದರೆ ಅದೇ ತಿದ್ದುಪಡಿಯಿಂದ ಲೈಸೆನ್ಸುದಾರನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಇದರಿಂದ ಧಾರವಾಡದ ಕೊಲೆಯಾಗಲಿ ಬೆಂಗಳೂರಿನದಾಗಲಿ ಹೇಗೆ ತಪ್ಪುತ್ತಿತ್ತೆಂದು ಹೇಳಬಲ್ಲವರನ್ನು ನಾವು ಕಾಣೆವು. ಸಂಖ್ಯೆ ಇಳಿಸುವುದಕ್ಕೆ ಬೇರೆ ಕಾರಣಗಳಿರಬಹುದು. ಅವನ್ನು ಅವುಗಳ ಹೆಸರಿನಲ್ಲಿಯೇ ಹೇಳತಕ್ಕದ್ದು.

ಇಲ್ಲಿ ನಮ್ಮ ಭಾಷೆಯೂ ಒಂದು ಬಲೆ ಒಡ್ಡಿದೆ. ‘ನಾಡ ಪಿಸ್ತೂಲು’ ಎಂದರೆ ಕಳ್ಳ ಕುಲುಮೆಯಲ್ಲಿ ಮಾಡಿದ್ದೆಂದು ಅರ್ಥ. ‘ನಾಡ ಬಂದೂಕು’ ಎಂಬುದನ್ನಾದರೋ ಪತ್ರಿಕೆಗಳು ಕಳ್ಳ ಬಂದೂಕಿಗೂ ಬಳಸುತ್ತವೆ, ಅಜ್ಜನ ಕಾಲದಿಂದ ಲೈಸೆನ್ಸಿನಲ್ಲಿಯೇ ಇರುವ ಕೇಪಿನ ಕೋವಿಗೂ ಬಳಸುತ್ತವೆ. “ನಾಡ ಬಂದೂಕು ವಶ” ಎಂಬ ತಲೆಬರಹವನ್ನು ಓದಿದ ಪಟ್ಟಣಿಗನಿಗೆ ಮಲೆನಾಡಿನ ಪ್ರತಿ ಮನೆಯೂ ಆಯುಧಾಗಾರವಾಗಿ ಕಂಡರೆ ಅದು ಅವನ ತಪ್ಪಲ್ಲ.

ಈ ಬೆರಕೆಯ ಫಲವನ್ನು ಒಕ್ಕಲಿಗನು ಚುನಾವಣೆ ಬಂದಾಗಲೆಲ್ಲ ಉಣ್ಣುತ್ತಾನೆ. ಯಾರ ಆಯುಧವನ್ನು ಠೇವಣಿ ಇರಿಸಿಕೊಳ್ಳಬೇಕೆಂಬುದನ್ನು ಜಿಲ್ಲೆಯ ಪರಿಶೀಲನಾ ಸಮಿತಿಯು ಒಬ್ಬೊಬ್ಬರ ಪೂರ್ವಾಪರವನ್ನು ನೋಡಿ ನಿರ್ಧರಿಸತಕ್ಕದ್ದೆಂದು ಚುನಾವಣಾ ಆಯೋಗದ ಸೂಚನೆಯಿದೆ. ಜಾಮೀನಿನ ಮೇಲಿರುವವರು, ಅಪರಾಧದ ಚರಿತ್ರೆಯುಳ್ಳವರು, ಹಿಂದೆ ದೊಂಬಿಯಲ್ಲಿ ಸೇರಿದ್ದವರು ಮೊದಲಾದವರನ್ನು ಗಮನಿಸುವುದು ಅದರ ಉದ್ದೇಶ. ಆಚರಣೆಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಅಪ್ಪಣೆ ಬರುವುದೆಂಬುದು ರೈತರ ಅಳಲು. 2024ರ ಲೋಕಸಭೆಯ ಚುನಾವಣೆಯಲ್ಲಿ ಶಿವಮೊಗ್ಗದ ಮತದಾನವಾದುದು ಮೇ 7ರಂದು. ನೀತಿಸಂಹಿತೆಯಾದರೋ ಮಾರ್ಚ್ 16ರಿಂದ ಜೂನ್ 6ರ ವರೆಗೆ, 80 ದಿನಗಳಿಗೂ ಮೇಲೆ ಜಾರಿಯಲ್ಲಿತ್ತು. ಮಂಗಗಳಿಗೆ ನೀತಿಸಂಹಿತೆ ಅನ್ವಯಿಸದು. ಚುನಾವಣೆಯು ಶಾಂತವಾಗಿ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮತಗಟ್ಟೆಗೆ ಹೆದರಿಕೆಯಿರುವುದು ಅಂಗಿಯೊಳಗಿನ ಪಿಸ್ತೂಲಿನಿಂದಲೋ ಮಾಳದ ಕೇಪಿನ ಕೋವಿಯಿಂದಲೋ ಎಂಬುದನ್ನು ಸಮಿತಿಯವರು ಒಂದು ಗಳಿಗೆ ಯೋಚಿಸಿದರೆ ಸಾಕು.

ಇಷ್ಟನ್ನು ಓದಿ ಕೋವಿಯ ಒಡೆಯರು ಮೀಸೆ ತಿರುವಿಕೊಳ್ಳಬಾರದು. ಪತ್ರಿಕೆಗಳ ಇನ್ನೊಂದು ತಪ್ಪು ಮಾತು ಅವರ ಪಾಲಿಗೆ ಬಹಳ ಅನುಕೂಲವಾಗಿ ಒದಗಿದೆ. ಶಿಕಾರಿಗೆ ಹೋದವರಲ್ಲಿ ಒಬ್ಬನು ಸತ್ತನೆಂಬ ಸುದ್ದಿ ಮಲೆನಾಡಿನಿಂದ ಆಗಾಗ್ಗೆ ಬರುತ್ತದೆ. ತಲೆಬರಹ ಬಹುಶಃ ಹೀಗಿರುವುದು: “ಕೋವಿ ಮಿಸ್‌ಫೈರ್, ಯುವಕ ಸಾವು.” ಈ ಇಂಗ್ಲಿಷ್ ಮಾತಿನ ನಿಜವಾದ ಅರ್ಥ ಅದಕ್ಕೆ ತೀರ ವಿರುದ್ಧ. ಹೊಡೆದಾಗ ಕೋವಿ ಸಿಡಿಯದೆ ಹೋದರೆ ಅದು ಮಿಸ್‌ಫೈರ್. ಮಳೆಗಾಲದಲ್ಲಿ ಮದ್ದು ತಂಪು ಹಿಡಿದು, ಕೇಪು ಮಾತ್ರ ಚಟ್ಟೆಂದು ಕೋವಿ ಸುಮ್ಮನಿರುತ್ತದೆಯಲ್ಲ, ಅದು ಮಿಸ್‌ಫೈರ್. ಅದರಿಂದ ಸಾಯುವವರಿಲ್ಲ. ಸತ್ತವನು ಸತ್ತುದು ಕೋವಿ ಸರಿಯಾಗಿ ಸಿಡಿದುದರಿಂದ.

ಪದದ ತಪ್ಪೆಂದು ಇದನ್ನು ಬಿಟ್ಟುಬಿಡಲಾಗದು. ‘ಮಿಸ್‌ಫೈರ್’ ಎಂದೊಡನೆ ದೋಷವೆಲ್ಲ ಕಬ್ಬಿಣಕ್ಕೆ ಹೋಗಿ ಮನುಷ್ಯನ ಕೈ ಮಾಯವಾಗುವುದು. ನಡೆದುದೇನು? ಕತ್ತಲೆಯಲ್ಲಿ ಪೊದೆ ಅಲುಗಿತು. ಹಂದಿಯೆಂದು ಭಾವಿಸಿ ಹೊಡೆದನು. ಪೊದೆಯ ಹಿಂದೆ ಇದ್ದವನು ಜತೆಗಾರ. ಅಥವಾ ತುಂಬಿದ ಕೋವಿಯನ್ನು ಹೆಗಲಿಗೇರಿಸಿ ಬೇಲಿ ದಾಟುವಾಗ, ಕೇಪಿನ ಮೇಲೆ ಬಡಿಯುವ ಭಾಗ ಬಳ್ಳಿಗೆ ಸಿಕ್ಕಿ ಹಿಂದಕ್ಕೆ ಎಳೆದು ಬಿಟ್ಟಿತು. ಮುಂದೆ ನಡೆಯುತ್ತಿದ್ದವನ ಬೆನ್ನಿಗೆ ಚರೆ ಹೊಕ್ಕಿತು. ಅಥವಾ ಬೈಕಿನ ಮೇಲೆ ತುಂಬಿದ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಟರು, ರಸ್ತೆಯ ಗುಂಡಿ ಬಂದಿತು. ಇವುಗಳಲ್ಲಿ ಯಾವುದೊಂದೂ ವಿಧಿಯ ಆಟವಲ್ಲ. ಕಾಣದುದರ ಮೇಲೆ ಹೊಡೆದುದು, ತುಂಬಿಟ್ಟುದು, ತುಂಬಿದ್ದನ್ನು ಹೊತ್ತು ನಡೆದುದು, ಇವೆಲ್ಲ ಮನುಷ್ಯರು ಮಾಡಿದ ಕೆಲಸಗಳು. ಕಾನೂನೂ ಹೀಗೆಯೇ ತಿಳಿಯುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಂತೆ ಅಜಾಗರೂಕತೆಯಿಂದ ಸಾವನ್ನು ಉಂಟುಮಾಡಿದವನಿಗೆ 5 ವರ್ಷಗಳ ವರೆಗೆ ಸಜೆಯಾಗಬಹುದು. ಕೋವಿ ಲೈಸೆನ್ಸಿಲ್ಲದ್ದಾದರೆ ಅದಕ್ಕೆ ಬೇರೆ ಶಿಕ್ಷೆ, ಬೇಟೆಗೆ ಇನ್ನೂ ಬೇರೆ. ಇವುಗಳಿಗೆ ಹೆದರಿ ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸಲು ಹಿಂದೆಮುಂದೆ ನೋಡುವವರಿಗೆ ಏನೆನ್ನೋಣ! ರಕ್ತ ಹರಿಯುತ್ತಿರುವವನಿಗೆ ಆ ಅರ್ಧ ಗಂಟೆಯೇ ಆಯುಸ್ಸು.

ನಿಜವಾದ ಮಿಸ್‌ಫೈರ್‌ನಲ್ಲಿಯೂ ಒಂದು ಅಪಾಯವಿದೆ, ಅದನ್ನು ಹೇಳಿಬಿಡುವುದು ಒಳಿತು. ಕೇಪು ಸಿಡಿದು ಮದ್ದು ಒಳಗೊಳಗೇ ಕನಲಿ, ಕೆಲವು ಕ್ಷಣಗಳಾದ ಮೇಲೆ ಹತ್ತಿಕೊಳ್ಳುವುದುಂಟು. ಆದುದರಿಂದ ಹೊಡೆದ ಕೋವಿ ಸಿಡಿಯದಿದ್ದರೆ ಬಾಯಿಯನ್ನು ಜನವಿಲ್ಲದ ಕಡೆಗೆ ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲತಕ್ಕದ್ದು. ಕೂಡಲೆ ತಿರುಗಿಸಿ ನಳಿಗೆಯೊಳಗೆ ಇಣಿಕುವವರು ಅದೃಷ್ಟವನ್ನು ಪರೀಕ್ಷಿಸುತ್ತಿದ್ದಾರೆಂದೇ ತಿಳಿಯಬೇಕು.

ಲೈಸೆನ್ಸುದಾರರ ಕಡೆಯಿಂದ ಕೇಳಿಬರುವ ಎರಡು ಮಾತುಗಳನ್ನೂ ಒರೆಗೆ ಹಚ್ಚಬೇಕಾಗಿದೆ. ಆಯುಧ ಧರಿಸುವುದು ನಮ್ಮ ಹಕ್ಕು ಎಂಬುದು ಒಂದು. ಇದು ಅಮೆರಿಕದ ಸುದ್ದಿಗಳನ್ನು ನೋಡಿ ಬಂದ ಮಾತು. ಅಲ್ಲಿ 1791ರ ಎರಡನೆಯ ತಿದ್ದುಪಡಿಯಿಂದ ಅದು ಸಂವಿಧಾನದಲ್ಲಿಯೇ ಇದೆ. ನಮ್ಮಲ್ಲಿಯೂ 1931ರ ಕರಾಚಿ ಕಾಂಗ್ರೆಸ್ಸಿನ ಹಕ್ಕುಗಳ ನಿರ್ಣಯದಲ್ಲಿ ಅದು ಸೇರಿತ್ತೆಂಬುದು ನಿಜ. 1878ರ ಆಯುಧ ಕಾಯಿದೆಯಿಂದ ಬ್ರಿಟಿಷರು ದೇಶವನ್ನೇ ನಿರಾಯುಧವಾಗಿಸಿದ್ದ ನೋವು ಆಗ ಹಸಿಯಾಗಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತರು ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು, ಸಭೆ ಒಪ್ಪಲಿಲ್ಲ. ಆದಕಾರಣ ನಮ್ಮ ಕೋವಿಗಳು ಇರುವುದು ಕಾಯಿದೆಯ ಆಶ್ರಯದಲ್ಲಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತಷ್ಟೆ; ಅದು ಕೊಡಗಿನ ಸಂಗತಿ, ಶಿವಮೊಗ್ಗ ಜಿಲ್ಲೆಯವರು ಅದನ್ನು ತೋರಿಸಿ ವಾದಿಸಿ ಪ್ರಯೋಜನವಿಲ್ಲ.

ಲೈಸೆನ್ಸು ಇದ್ದವನು ಕೇಡು ಮಾಡಲಾರನೆಂಬುದು ಎರಡನೆಯ ಮಾತು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ಶಾಲೆಯಲ್ಲಿ 16 ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದವನ ಕೈಯಲ್ಲಿದ್ದುವು ಸರಿಯಾದ ಲೈಸೆನ್ಸಿನ ಕೈಬಂದೂಕುಗಳು. ಬ್ರಿಟನ್ನಿನವರು ಮರುವರ್ಷವೇ ಖಾಸಗಿಯವರು ಕೈಬಂದೂಕು ಇಟ್ಟುಕೊಳ್ಳುವುದನ್ನು ನಿಷೇಧಿಸಿದರು. ಒಕ್ಕಲಿಗರ ಚರೆಕೋವಿಗಳನ್ನು ಮಾತ್ರ ಲೈಸೆನ್ಸಿನ ಮೇಲೆ ಉಳಿಸಿದರು. ಅವರ ನಿರ್ಣಯವನ್ನು ಒಪ್ಪಲಿ ಬಿಡಲಿ, ಯಾವ ಆಯುಧವೆಂದು ನೋಡಿ ನಿರ್ಣಯಿಸಿದರೆಂಬುದನ್ನು ಮೆಚ್ಚಬೇಕು.

ಅಮೆರಿಕದ ಲೆಕ್ಕದಲ್ಲಿ ಗೃಹಸ್ಥರು ಗಮನಿಸಬೇಕಾದ ಒಂದು ಸಂಗತಿಯಿದೆ. ಅಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರರ ಕೈಯಿಂದ ಸತ್ತವರಲ್ಲ, ತಾವೇ ಹೊಡೆದುಕೊಂಡವರು. ಕಳ್ಳನಿಗೆಂದು ತಂದಿಟ್ಟ ಆಯುಧವು ಮನೆಯವರ ಒಂದು ಕೆಟ್ಟ ಗಳಿಗೆಗೆ ಕಾದಿರುತ್ತದೆ. ನಮ್ಮ ಮನೆಗಳಲ್ಲಿಯೂ ಸಾಲ, ರೋಗ, ಮನೋವ್ಯಥೆ ಇಲ್ಲವೆ? ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಕೋವಿಯನ್ನು ಕೆಲವು ಕಾಲ ಲೈಸೆನ್ಸುಳ್ಳ ಆಯುಧ ವ್ಯಾಪಾರಿಯಲ್ಲಿಯೋ ಠಾಣೆಯಲ್ಲಿಯೋ ಇರಿಸಿ ಚೀಟಿ ಪಡೆಯುವುದು ಅವಮಾನವಲ್ಲ. ಉಳಿದ ದಿನಗಳಲ್ಲಿ ಕೋವಿಯನ್ನು ಬರಿದಾಗಿಸಿ ಒಂದು ಬೀಗದಲ್ಲಿ, ತೋಟೆಗಳನ್ನು ಇನ್ನೊಂದು ಬೀಗದಲ್ಲಿ ಇಡತಕ್ಕದ್ದು. ಎರಡು ಬೀಗದ ಕೈಗಳೂ ಒಂದೇ ಮೊಳೆಗೆ ತೂಗುತ್ತಿರಬಾರದು. ಗೂಟಕ್ಕೆ ತೂಗುಹಾಕುವ ಹಳೆಯ ಪದ್ಧತಿ ನೋಡುವುದಕ್ಕೆ ಚೆಂದ, ಎಟಕುವ ಮಕ್ಕಳಿರುವ ಮನೆಗೆ ಸಲ್ಲದು. ನವರಾತ್ರಿಯ ಆಯುಧಪೂಜೆಗೆ ಇಳಿಸಿದಾಗ ನಳಿಗೆ ಬರಿದೆಂದು ಕಣ್ಣಾರೆ ನೋಡಿದ ಮೇಲೆಯೇ ಗಂಧವಿಡಬೇಕು. 2016ರ ಆಯುಧ ನಿಯಮಗಳಲ್ಲಿ ಹೊಸ ಅರ್ಜಿದಾರರಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿರುವುದು ಇದಕ್ಕಾಗಿಯೇ. ಅಜ್ಜನ ಕೋವಿಯನ್ನು ಅಜ್ಜನಿಂದಲೇ ಕಲಿತೆನೆನ್ನುವವರಿಗೂ ಅದರಿಂದ ನಷ್ಟವಿಲ್ಲ.

ಅಜ್ಜನ ಮಾತು ಬಂದುದರಿಂದ ಇನ್ನೊಂದನ್ನೂ ತಿಳಿಸಬೇಕಾಗಿದೆ. ಲೈಸೆನ್ಸು ಮನೆಗೆ ಕೊಟ್ಟದ್ದಲ್ಲ, ವ್ಯಕ್ತಿಗೆ ಕೊಟ್ಟದ್ದು. ಹಿರಿಯರು ತೀರಿಕೊಂಡ ದಿನದಿಂದ ಅವರ ಕೋವಿ ಮನೆಯಲ್ಲಿರುವುದು ಕಾನೂನಿಗೆ ಹೊರಗಾಗುತ್ತದೆ. ವೈಕುಂಠ ಸಮಾರಾಧನೆಯ ಗದ್ದಲದಲ್ಲಿ ಇದನ್ನು ಮರೆತು, ವರ್ಷಗಳಾದ ಮೇಲೆ ‘ನಾಡ ಬಂದೂಕು’ ಎಂಬ ತಲೆಬರಹದಡಿಯಲ್ಲಿ ಹೆಸರು ಕಂಡು ಗಾಬರಿಯಾಗುವವರುಂಟು. ಕಾಯಿದೆಯ 21ನೆಯ ಪ್ರಕರಣದಂತೆ ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕತಕ್ಕದ್ದು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ಮಕ್ಕಳ ಹೆಸರಿಗೆ ಮಾಡಿಸಲು ಜಿಲ್ಲಾಧಿಕಾರಿಯವರಲ್ಲಿ ಕೇಳಿಕೊಳ್ಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅದಕ್ಕೆ ವಾರಸುದಾರರ ಯೋಗ್ಯತೆಯ ವಿಚಾರಣೆ ಹೊಸದಾಗಿಯೇ ಆಗುವುದು.